ಉಪಚಾರವಿಲ್ಲದ ತಾಕು

ಹುಳುವಿಗಿನ್ನೂ ಹೆಸರಿಲ್ಲ.
ನನ್ನ ಪುಸ್ತಕದಲ್ಲಿ ‘ಕಿತ್ತಳೆ ಮರಿ’ ಅಂತಿದೆ.
ಗುರುತು ಹಿಡಿಯಲು ಕಳಿಸಿದ ಸೀಸೆ
ಸ್ಪಿರಿಟ್ಟಿನಲ್ಲಿ ನೆನೆಯುತ್ತ ಕೂತಿದೆ
ಎಲ್ಲೋ, ಯಾರದೋ ಮೇಜಿನ ಮೇಲೆ.

ನಾಲೆಯಾಚೆ ಕಬ್ಬು, ಈಚೆ ಕಬ್ಬು,
ನಡುವೆ ಹದಿನಾರು ಗುಂಟೆ ಸೋಯಾ:
ಮಂಡ್ಯದ ಮಣ್ಣಿನ ಜೊತೆ ಇನ್ನೂ
ಬಹುವಚನದಲ್ಲೇ ಮಾತಾಡುವ ಬೆಳೆ.
ಅದರ ಬೆನ್ನಿಗೇ ಬಂದಿದೆ ಈ ನೊಣ,
ಸೊಳ್ಳೆಗಿಂತ ಸಣ್ಣದು, ಕಾಲು ಮಾತ್ರ ಉದ್ದ.

ವಾರಕ್ಕೊಮ್ಮೆ, ಬೆಳಿಗ್ಗೆ ಏಳಕ್ಕೆ,
ತಾಕಿಗೆ ಐದರಂತೆ ಗಿಡ ಕಿತ್ತು
ಬುಡದಿಂದ ಮೇಲಕ್ಕೆ ಬ್ಲೇಡಿನಲ್ಲಿ ಸೀಳುತ್ತೇನೆ.
ತೊಗಟೆಯಡಿ ಒತ್ತೊತ್ತಾಗಿ ಮಲಗಿರುತ್ತವೆ
ಅರಿಶಿನಕ್ಕೆ ಸುಣ್ಣ ಬಿದ್ದ ಬಣ್ಣದಲ್ಲಿ,
ಹಸುಗೂಸಿನ ಕಿರುಬೆರಳ ಉಗುರಿನಷ್ಟೂ ಇಲ್ಲ.
ಹನ್ನೊಂದು. ಹದಿನೇಳು. ಸೊನ್ನೆ. ಹನ್ನೆರಡು.
ಸೊನ್ನೆ ಬಂದರೆ ಖುಷಿಪಡುವಂತಿಲ್ಲ,
ಇನ್ನೊಮ್ಮೆ ಸೀಳಿ ನೋಡಬೇಕು.

ಏಳು ಬಗೆ ಉಪಚಾರ, ಮೂರು ಪುನರಾವರ್ತನೆ.
ಒಂದಕ್ಕೆ ಬೀಜಕ್ಕೇ ಔಷಧಿ,
ಒಂದಕ್ಕೆ ಬೇವಿನ ಬೀಜದ ಕಷಾಯ,
ಒಂದಕ್ಕೆ ಅಂಚಿನಲ್ಲಿ ಜೋಳ, ಒಂದಕ್ಕೆ ತಡವಾಗಿ ಬಿತ್ತನೆ,
ಮತ್ತೆರಡಕ್ಕೆ ಕ್ಯಾನಿನಲ್ಲಿ ಬರುವ, ವಾಸನೆಯಿಲ್ಲದ ಏನೋ.
ಏಳನೆಯದಕ್ಕೆ ಏನೂ ಇಲ್ಲ.
ಗೂಟದ ಮೇಲೆ ಬಿಳಿ ಬಣ್ಣದಲ್ಲಿ ನಾನೇ ಬರೆದೆ:
ಉಪಚಾರವಿಲ್ಲ.

ಕಳೆ ಕೀಳುತ್ತಿದ್ದ ದೇವೀರಮ್ಮ
ಅಕ್ಷರ ಕೂಡಿಸಿ ಕೂಡಿಸಿ ಓದಿದಳು.
“ಅಂಗಂದ್ರೇನವ್ವ? ಮನೆಗ್ ಬಂದೋರ್ಗೆ
ಒಂದ್ ಲೋಟ ನೀರೂ ಕೊಡ್ದೆ ಕೂರ್ಸದಾ?”
ಹೇಳಿದೆ: ಏನೂ ಮಾಡದಿದ್ದರೆ ಏನಾಗುತ್ತೆ ಅಂತ ಗೊತ್ತಿಲ್ಲದೆ
ಮಾಡಿದ್ದರಿಂದ ಏನಾಯ್ತು ಅಂತ ಹೇಗೆ ಹೇಳೋದು?
ತಕ್ಕಡಿಗೆ ಎರಡು ತಟ್ಟೆ ಬೇಕಲ್ಲ.
“ನಿಮ್ ತಕ್ಕಡಿಗೋಸ್ಕರ ಇವು ಸಾಯ್ಬೇಕಾ?”
ಅಂದವಳು ಸೆರಗು ಬಿಗಿದು ಮುಂದಿನ ಸಾಲಿಗೆ ಹೋದಳು.

ಐವತ್ತೆರಡನೆಯ ದಿನ.
ಎರಡು ಕಡೆ ಏಳನೇ ತಾಕು
ಗಾಳಿ ತಳ್ಳಿದತ್ತ ಒರಗಿ, ಬುಡ ಕಪ್ಪಗಾಗಿ,
ಮುಟ್ಟಿದರೆ ಪಟ್ ಅಂತ ಮುರಿಯುತ್ತಿತ್ತು.
ಮೂರನೆಯದು, ನಾಲೆ ಕಡೆಯದು,
ಕಾಯಿ ಕಚ್ಚಿಕೊಂಡು ನೆಟ್ಟಗೆ ನಿಂತಿತ್ತು.
ಸೀಳಿದೆ. ಎರಡು. ಸೊನ್ನೆ. ಸೊನ್ನೆ. ಒಂದು. ಸೊನ್ನೆ.
ಇನ್ನೊಮ್ಮೆ ಸೀಳಿದೆ.
ಆಮೇಲೆ ಮಂಡಿಯೂರಿ ನೋಡಿದೆ:
ಪ್ರತಿ ಬುಡಕ್ಕೂ ನಾಲ್ಕು ಬೆರಳು ಮಣ್ಣು,
ಮಳೆ ಇಳಿಸಿದಷ್ಟೂ ಮತ್ತೆ ಏರಿಸಿದ ಗುರುತು.

ನಾನು ಕೇಳುವ ಮೊದಲೇ ಅವಳು ಅಂದಳು,
“ನಾನೇ ಕನವ್ವ. ಕಡ್ಲೇಕಾಯ್ಗೆ ಏರ್ಸಕಿಲ್ವಾ, ಅಂಗೆ.
ಔಸ್ದಿ ಗಿವ್ಸ್ದಿ ಏನೂ ಮುಟ್ಸಿಲ್ಲ.
ಅವ್ರ ಕಾಲಡಿ ಮಣ್ಣ ಅವ್ರಿಗೇ ಒದುಸ್ದೆ.”

ಲೆಕ್ಕದ ಪ್ರಕಾರ ತಾಕು ಹಾಳು.
ಉದ್ದಕ್ಕೂ ಗೆರೆ ಎಳೆದೆ, ಪಕ್ಕದಲ್ಲಿ ಕಾರಣ ಬರೆದೆ,
‘ಕೂಲಿಯವರ ತಪ್ಪು’ ಎಂದು ಬರೆದು
ಹೊಡೆದುಹಾಕಿ, ‘ಮಣ್ಣು ಏರಿಸಲಾಗಿದೆ’ ಅಂತ ತಿದ್ದಿದೆ.
ಮೇಲಿನವರು ಬೈದದ್ದು ನನ್ನನ್ನು:
ಒಂದು ತಾಕು ಸಾಕ್ಷಿಯಲ್ಲ ಕಣಮ್ಮ,
ನಾಲೆಯ ತೇವ ಇರಬಹುದು, ಕಬ್ಬಿನ ಮರೆ ಇರಬಹುದು,
ನೊಣ ಆ ಕಡೆ ಹಾರದೇ ಇದ್ದಿರಬಹುದು.
ಇರಬಹುದು. ಎಲ್ಲವೂ ಇರಬಹುದು.
ಆದರೂ ಬೈದು ಮುಗಿಸಿದ ಮೇಲೆ
ಬೂಟು ಕೆಸರಾಗುವಂತೆ ಅಲ್ಲೇ ಕೂತು
ಬೆರಳಿಂದ ಆ ಮಣ್ಣಿನ ಎತ್ತರ ಅಳೆದರು.

ಮುಂದಿನ ಹಂಗಾಮಿಗೆ ಎಂಟನೇ ಗೂಟ ಕೊರೆಸಿದ್ದೇವೆ.
ಸೀಸೆಗೆ ಉತ್ತರ ಬಂದಿಲ್ಲ.
ದೇವೀರಮ್ಮನಿಗೆ ಹೇಳಿದೆ, “ನಿನ್ನದೂ ಒಂದು ಸೇರಿದೆ,
ಮೂರೂ ಕಡೆ ನೀನೇ ಏರಿಸಬೇಕು.”
ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು,
“ಏನೂ ಮಾಡ್ದಿರೋದೂ ಇರ್ತದಾ?”
ಇರ್ತದೆ, ಅಂದೆ.
“ಅದ್ರ ಕಳೆ ಕೀಳಕ್ಕೆ
ಬ್ಯಾರೆಯೋರ್ನ ನೋಡ್ಕಳಿ.”