ಟಿಕೇಟಿನ ಹಿಂದ ಬರೆದದ್ದು

ಗೋಡ್ಯಾಗಿನ ಆರು ಶಹಾಬಾದಿ ಕಲ್ಲಿನ ಹಲಗಿ
ಈಗ ಸೂಗಮ್ಮನವು.
ಇಪ್ಪತ್ತೆಂಟು ವರ್ಷ ಪುಸ್ತಕ ಹೊತ್ತ ಕಲ್ಲು
ಖಡಕ್ ರೊಟ್ಟಿ ಹೊತ್ತಾವ.
ಎಳ್ಳು ಹಚ್ಚಿದವು ಮ್ಯಾಲ, ಸಜ್ಜಿವು ಕೆಳಗ,
ಹತ್ತರ ಕಟ್ಟು ಕಟ್ಟಿ, ಅರಿವಿ ಹೊದಿಸಿ ನಿಲ್ಲಿಸ್ಯಾಳ,
ಥೇಟ್ ಪುಸ್ತಕ ನಿಂತಂಗ.
ಕತ್ತಲಾಗ ಕೈಯಾಡಿಸಿದರ
ನನಗಿನ್ನೂ ಬೆನ್ನೇ ಸಿಗತಾವ.
ಮುಂಜಾನಿ ಕೇಳತಾಳ, ಯಾರಿದು ಅಂಚು ಮುರಿದವರು?

ಖರೆ ಹೇಳತೀನಿ, ಜಗಳ ಏನೂ ಆಗಿಲ್ಲ.
ಆಕಿಗೆ ಜಾಗ ಬೇಕಿತ್ತು,
ನನಗ ದೊಡ್ಡ ಅಕ್ಷರ.
"ನರಾನೇ ಒಣಗ್ಯಾದ ಕಾಕಾ,
ಚಸ್ಮಾ ಬದಲಿಸಿ ಉಪಯೋಗಿಲ್ಲ" ಅಂದಿದ್ದ ಕಣ್ಣಿನ ಡಾಕ್ಟರು.
ತಮ್ಮನ ಮಗಳು ಜಗದೇವಿ ಈ ಮಶೀನು ತಂದುಕೊಟ್ಟಳು.
ಎರಡು ಬೆರಳು ಇಟ್ಟು ಅಗಲಿಸಿದರ
ಅ ಅನ್ನೋದು ರೊಟ್ಟಿಯಷ್ಟು ಆಗತಾದ.

ಲಾಡ್ಲೇಸಾಬ ತಕ್ಕಡಿ ಹೊತ್ತು ಬಂದ.
ತೂಗಿದ. ಒಂದು ಕ್ವಿಂಟಲಿಗೆ ಒಂಬತ್ತು ಕಿಲೋ ಕಮ್ಮಿ.
"ಇಷ್ಟೂ ಓದೀರೇನ್ರಿ ಮಾಸ್ತರ?"
ಮಾಸ್ತರ ಅಲ್ಲ ಮಾರಾಯಾ, ಕಂಡಕ್ಟರ್.
ಆಳಂದದಾಗ ಒಂದು, ಚಿಂಚೋಳ್ಯಾಗ ಒಂದು,
ಜೇವರ್ಗಿ ಸ್ಟ್ಯಾಂಡಿನಾಗ ಚಹಾದ ರೊಕ್ಕ ಉಳಿಸಿ ಒಂದು,
ಹಂಗ ಕೂಡಿಸಿದ್ದು.
ಗಾಡಿ ಕೆಟ್ಟು ನಿಂತಾಗ ಓದಿದ್ದು, ಸ್ಟೇಜು ಸ್ಟೇಜಿನ ನಡುಕ ಓದಿದ್ದು.
ಗುರುತಿಗೆ ಟಿಕೇಟು.
ಅವ ಒಂದೊಂದೇ ಕೊಡವಿದಂಗ
ಗುಲಾಬಿ, ಹಸರು, ಹಳದಿ ಉದುರಿದವು ಫರಶಿ ಮ್ಯಾಲ.
ಎಷ್ಟು ಮಂದಿ ಇಳದುಹೋದರು!

ಮಶೀನ್‌ದಾಗ ಟಿಕೇಟು ಇಡಲಕ ಬರಲ್ಲ.
ಶೇಕಡಾ ಮೂವತ್ತೇಳು ಅಂತಾದ.
ಮೂವತ್ತೇಳು ಅಂದರ ಯಾವ ಸ್ಟೇಜು?
ಕಮಲಾಪುರ ದಾಟಿತೋ, ಹುಮನಾಬಾದೇ ಬಂತೋ?

ಉದುರಿದವುಗಳಾಗ ಒಂದರ ಹಿಂದ
ನನ್ನದೇ ಅಕ್ಷರ: ಮಳಖೇಡ, ಬಾಕಿ ಮೂರು.

ಸೇಡಂ ಗಾಡಿ. ನಡು ಬ್ಯಾಸಿಗಿ. ಅರ್ಧ ಖಾಲಿ.
ದಾಲ್ ಮಿಲ್ಲಿನ ಧೂಳು ಕೂದಲಿಗೆ ಮೆತ್ತಿದ ಹೆಣ್ಣಮಗಳು
ಕಲಬುರಗಿಯಿಂದ ನನ್ನ ಭುಜದ ಮ್ಯಾಲಿಂದ ಓದಿಕೋತ ಬಂದಿದ್ದಳು.
ನಾ ಹಾಳಿ ಹೊಳ್ಳಿಸಲಕ ಹೋದರ
"ತಡೀರಿ, ನಂದಿನ್ನೂ ಆಗಿಲ್ಲ."
ಇಳಿಯೋ ಮುಂದ ಚಿಲ್ಲರಿಗೆ ಚೀಲ ತಡವಿದೆ.
"ಮೂರು ರೂಪಾಯಿ ಇರಲಿ, ಮುಂದ ಏನಾತು ಅದು ಹೇಳ್ರಿ."
ಮುಂದಿನ ಟ್ರಿಪ್ಪಿಗೆ, ಅಂದೆ. ಸೀಟಿ ಹೊಡೆದೆ.
ಹೇಳಲಿಲ್ಲ ಆಕಿಗೆ,
ಆ ಪುಸ್ತಕಕ್ಕ ಕಡೀ ಹದಿನಾರು ಪುಟ ಇದ್ದಿದ್ದೇ ಇಲ್ಲ ಅಂತ.
ಅರ್ಧ ಬೆಲಿಗೆ ಸಿಕ್ಕಿದ್ದು ಅದಕ್ಕೇ.

ಮೊನ್ನಿ ರಾತ್ರಿ ಮಶೀನ್‌ದಾಗ ಸಿಕ್ಕಿತು,
ಇಡೀ.
ಹದಿನಾರೂ ಪುಟ ರೊಟ್ಟಿ ವಾಸನಿಯೊಳಗ ಕೂತು ಓದಿದೆ.
ಕೊನಿ ಏನು ಅಂಥಾ ದೊಡ್ಡದಲ್ಲ.
ಅವ ಹೊಳ್ಳಿ ಬರತಾನ, ಬಾಗಿಲು ತೆರದೇ ಇರತಾದ,
ಒಳಗ ಯಾರೋ ಕೆಮ್ಮತಾರ. ಮುಗೀತು.
ಬೆಳಗಾಗೂ ತನಕ ನಿದ್ದಿ ಹತ್ತಲಿಲ್ಲ.

ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ,
ಚಿಲ್ಲರಿ ಮಾತೇ ಇಲ್ಲ.
ಆಕಿ ಅದೇ ಗಾಡ್ಯಾಗ ಬರತಾಳೋ, ಊರೇ ಬಿಟ್ಟಾಳೋ,
ಕತಿ ತಾನೇ ಮುಗಿಸಿಕೊಂಡಾಳೋ.

ಸೂಗಮ್ಮ ಸೇಡಂ ಆರ್ಡರು ಕಟ್ಟಲಕತ್ಯಾಳ,
ಲಾಡ್ಲೇಸಾಬನ ಅಂಗಡ್ಯಾಗ ಕೊಂಡ ಹಾಳಿಯೊಳಗ.
ಯಾವ ಹಾಳಿ ಅಂತ ನಾ ಬಗ್ಗಿ ನೋಡಲಿಲ್ಲ;
ನೋಡಿದರೂ ಕಾಣತಿರಲಿಲ್ಲ.
ನಾನೇ ಒಯ್ಯತೀನಿ, ಅಂದೆ.
"ಈ ಬಿಸಿಲಾಗ? ಈ ಕಣ್ಣಾಗ?"
ಮಳಖೇಡದಾಗ ಎರಡು ನಿಮಿಷ ನಿಲ್ಲತಾದ ಗಾಡಿ, ಅಂದೆ.
ಆಕಿಗೆ ಏನೂ ತಿಳೀಲಿಲ್ಲ.
ಅಂಗಿ ಕಿಸೆದಾಗ ಟಿಕೇಟು, ಮೂರು ರೂಪಾಯಿ.
ಮಶೀನಿಗೆ ಚಾರ್ಜ್ ಹಚ್ಚೀನಿ.