ಕೆಂಪು ಬೆನ್ನಿನ ಲೆಡ್ಜರು

ಫೋರ್ಟಿನ ಶಾಖೆಯಲ್ಲಿ, ಸ್ಟ್ರಾಂಗ್ ರೂಮಿನ ಹಿಂದೆ,
ಕಿಟಕಿಯಿಲ್ಲದ ಊಟದ ಕೋಣೆ.
ಗುರುವಾರ ಮಾತ್ರ ಒಂದು ಮೇಜು ನಮ್ಮದು,
ಮಿಕ್ಕ ದಿನ ಕೇರಂ ಆಡುವ ಗಂಡಸರದು.

ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ
ಪ್ರಮಿಳಾ ಘೋಲಪ್ ಕೇಳುವಳು:
'ಚೆಕ್ಕಿನ ಮೇಲೆ ಎರಡು ಗೆರೆ ಎಳೆದರೆ ಏನರ್ಥ?'
ಸುಗಂಧಿ ಸಾಲ್ಯಾನ್ ತುತ್ತು ಬಾಯಲ್ಲಿರುವಾಗಲೇ
ಕಲಮು ಸಮೇತ ಒಪ್ಪಿಸುವಳು.
ತಪ್ಪಿದವಳ ಮೀನಿನ ತುಂಡು ಕೇಳಿದವಳ ಪಾಲು.
ಹಾಗಾಗಿ ನಾನು ಆ ಇಡೀ ವರ್ಷ
ಬಂಗುಡೆ ತಿಂದದ್ದೇ ಇಲ್ಲ.

ನಮ್ಮದೊಂದು ಪುಸ್ತಕವೂ ಇತ್ತು.
ರದ್ದಾದ ಲೆಡ್ಜರು, ಕೆಂಪು ಬೆನ್ನು.
ಜಮೆಯ ಕಡೆ ಊರಿನ ಹೆಸರು,
ಖರ್ಚಿನ ಕಡೆ ಅಲ್ಲಿ ಹೋಗಿ ಬಾಳಿ ಬಂದವಳ ಕೈಬರಹ:

ಚಿಪಳೂಣ: ಬಸ್‌ಸ್ಟ್ಯಾಂಡಿನ ಹಿಂದೆ ಕೋಣೆ ಸಿಗುತ್ತದೆ.
ಮನೆಯೊಡತಿಯ ಬಾಯಿ ಜೋರು, ಕೈ ಧಾರಾಳ.
ಸಾಂಗೋಲಾ: ನೀರು ಬೆಳಗಿನ ಜಾವ ನಾಲ್ಕಕ್ಕೆ.
ಎರಡು ಕೊಡ ಹೆಚ್ಚಿಗೆ ಒಯ್ಯಿ.
ಪಾಚೋರಾ: ಸಾಹೇಬರ ಕ್ಯಾಬಿನ್ನಿಗೆ ಹೋದರೆ
ಬಾಗಿಲು ತೆರೆದೇ ಇರಲಿ.
ಅದರ ಕೆಳಗೆ ಬೇರೆ ಶಾಯಿಯಲ್ಲಿ: ಹೌದು.
ಅದರ ಕೆಳಗೆ ಇನ್ನೊಂದು ಶಾಯಿಯಲ್ಲಿ: ಹೌದು.

ಬಡ್ತಿ ಅಂದರೆ ವರ್ಗ. ವರ್ಗ ಅಂದರೆ
ಡೊಂಬಿವಲಿಯ ಒಂದೂವರೆ ಕೋಣೆಯಲ್ಲಿ
ಅತ್ತೆಯ ಮೌನ, ಗಂಡನ ಕೆಮ್ಮು,
ನಾಲ್ಕನೇ ಇಯತ್ತೆಯ ಮಗ.
ಪಾಸಾದವರ ಪಟ್ಟಿಯಲ್ಲಿ ನನ್ನ ಹೆಸರು ಬಂದ ರಾತ್ರಿ
ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ.
'ನಿನಗೆ ಬಿಟ್ಟದ್ದು' ಎಂದರು.
ಹಾಗೆಂದ ಮೇಲೆ ಇನ್ನೇನು, ನಾನೇ ಬರೆದೆ:
ಮಾನ್ಯರೇ, ಕೌಟುಂಬಿಕ ಕಾರಣಗಳಿಂದಾಗಿ ಈ ಬಡ್ತಿಯನ್ನು…

ಟಪಾಲು ಮೇಜಿನ ಡೆಲ್ಫಿನ್ ಓದಿದಳು.
ಸೀಲು ಎತ್ತಿದಳು. ಇಳಿಸಲಿಲ್ಲ.
'ಇವತ್ತು ಶುಕ್ರವಾರ. ಪ್ಯಾಡು ಒಣಗಿದೆ. ಸೋಮವಾರ ಬಾ.
ಆಗಲೂ ಬೇಕೆಂದರೆ ಒತ್ತಿ ಕೊಡುತ್ತೇನೆ, ನಿನ್ನಾಣೆ.'
ಪ್ಯಾಡು ನೇರಳೆ ಬಣ್ಣದಲ್ಲಿ ಒದ್ದೆಯಾಗಿಯೇ ಇತ್ತು.
ನಾನು ಕಂಡೆ. ಕಂಡದ್ದನ್ನು ಅವಳೂ ಕಂಡಳು.

ಭಾನುವಾರ ಪ್ರಮಿಳಾ ಮನೆಗೇ ಬಂದಳು.
ನನಗೆ ಒಂದು ಮಾತೂ ಹೇಳಲಿಲ್ಲ.
ಅತ್ತೆಯ ಎದುರು ಚಕ್ಕಳಮಕ್ಕಳ ಕೂತು
ಅವರೆಕಾಳು ಹಿಸುಕತೊಡಗಿದಳು.
ಹುಡುಗನ ಗಣಿತಕ್ಕೆ ಸುಗಂಧಿ, ಬುಧವಾರ ಮತ್ತು ಶನಿವಾರ;
ಔಷಧಿ ತರಲು ತಾನು;
ತಿಂಗಳಿಗೆರಡು ಸಲ ರಾತ್ರಿ ಬಸ್ಸು, ಬೆಳಿಗ್ಗೆ ಇವಳು ಇಲ್ಲಿ.
ಕಾಳು ಎಣಿಸಿದಂತೆ ಹೇಳುತ್ತ ಹೋದಳು,
ಅರ್ಧ ಮರಾಠಿ, ಅರ್ಧ ಹರಕು ಕನ್ನಡ.
ಅತ್ತೆ ಕೇಳಿದ್ದು ಒಂದೇ:
'ಕುಚ್ಚಲಕ್ಕಿ ಅಲ್ಲಿ ಸಿಗುತ್ತದಾ?'

ಎಲ್ಲರೂ ಹೀಗೆ ಅಂತಲ್ಲ.
ಈ ಮೇಜಿನಿಂದಲೇ ಮೊದಲು ಮೇಲೆ ಹೋದ ಕುಮುದಳಿಗೆಂದು
ಒಂದು ಪುಟ ಬಿಟ್ಟಿದ್ದೆವು. ಅವಳು ಬರೆಯಲಿಲ್ಲ.
ಲಿಫ್ಟಿನಲ್ಲಿ ಸಿಕ್ಕರೆ ಗಡಿಯಾರ ನೋಡಿಕೊಳ್ಳುವಳು.
ಆ ಪುಟವನ್ನು ಹರಿಯಬೇಡಿ ಎಂದವಳು ಸುಗಂಧಿ.
ಯಾಕೆ ಅಂತ ನಾನು ಕೇಳಲಿಲ್ಲ. ಈಗ ಕೇಳಲು ಅವಳಿಲ್ಲ.

ಸೋಮವಾರ ಡೆಲ್ಫಿನ್ ಕಾಗದ ಮುಂದಕ್ಕೆ ಸರಿಸಿದಳು,
ಪಕ್ಕದಲ್ಲಿ ಸೀಲು, ಕೊಟ್ಟ ಮಾತಿನಂತೆ.
ನಾನು ಅದರ ಹಿಂಬದಿಗೆ ತಿರುಗಿಸಿ ಬರೆದೆ:
ಕುಚ್ಚಲಕ್ಕಿ ಹತ್ತು ಕಿಲೋ. ಬೀಗ. ಕೊಡ ಎರಡು.

ಸಾಂಗೋಲಾದಲ್ಲಿ ಮೂರು ವರ್ಷ ಎರಡು ತಿಂಗಳು.
ಹೇಳುವುದು ಬಹಳ ಇತ್ತು, ಖರ್ಚಿನ ಕಡೆ ಜಾಗ ಕಡಿಮೆ:

ನೀರು ನಾಲ್ಕಕ್ಕಲ್ಲ, ಮೂರೂವರೆಗೆ.
ಕೊಡ ತರಬೇಡ,
ನನ್ನವನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.