ಆಗು

ಮೇಲುಮಲೆ ಇಳಿಜಾರಿನಲ್ಲಿ, ರಾತ್ರಿ ಎರಡೂಕಾಲಿಗೆ,
ರಾಯಕೋಟೆಯ ಟೊಮೇಟೊ ವ್ಯಾನು ಮಗುಚಿದೆ ಎಂದು ಫೋನು ಬಂದಾಗ
ಬೂಟಿಗೆ ಕಾಲು ತೂರಿಸುವ ಮೊದಲೇ
ಕೋನುಗಳನ್ನು ಎಣಿಸಿದೆ. ಹನ್ನೊಂದು.
ಮೊದಲು ಹನ್ನೆರಡಿದ್ದವು.

ಎಲ್ಲರೂ ಅಪಘಾತದ ಕಡೆಗೇ ಓಡುತ್ತಾರೆ.
ನೂರೆಂಟರ ಹುಡುಗಿ ಸ್ಟ್ರೆಚರ್ ಎಳೆದುಕೊಂಡು,
ಶೂಳಗಿರಿ ಠಾಣೆಯ ಏಟ್ಟಯ್ಯ ಬೆಲ್ಟು ಬಿಗಿದುಕೊಳ್ಳುತ್ತಾ,
ಡಾಬಾದವನು ನೀರಿನ ಕ್ಯಾನು ಹೊತ್ತು.
ಟೋಲಿನ ಗಸ್ತು ವ್ಯಾನಿನವನಾದ ನನ್ನ ಕೆಲಸ ಉಲ್ಟಾ:
ಬೆನ್ನು ತಿರುಗಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ
ನೂರೈವತ್ತು ಹೆಜ್ಜೆ ನಡೆದು
ಕೆಂಪು ಟಾರ್ಚು ಹಿಡಿದು ನಿಲ್ಲುವುದು.
ಆರು ವರ್ಷವಾಯಿತು, ಒಂದು ಅಪಘಾತವನ್ನೂ
ಸರಿಯಾಗಿ ನೋಡಿಲ್ಲ ನಾನು. ಕೇಳಿದ್ದೇನೆ, ಅಷ್ಟೆ.
ಬೆನ್ನಿಗೆ ಗೊತ್ತು, ಯಾವುದು ತಗಡು ಕೊಯ್ಯುವ ಸದ್ದು,
ಯಾವುದು ಯಾರೋ ಅಮ್ಮನನ್ನು ಕರೆಯುವುದು.

ನಾನು ನೋಡುವುದು ಬರುವವರನ್ನು.
ಗ್ರಾನೈಟ್ ದಿಮ್ಮಿ ಹೊತ್ತವರು, ಕೋಳಿಯವರು,
ಇನ್ನೂ ಪ್ಲಾಸ್ಟಿಕ್ಕು ಬಿಚ್ಚದ ಸ್ಕೂಟರುಗಳನ್ನು ತುಂಬಿಕೊಂಡು
ಹೊಸೂರಿನಿಂದ ಹೊರಟವರು.
ಮೊದಲು ಎರಡು ದೀಪ. ಆಮೇಲೆ ಗಾಜಿನ ಹಿಂದೆ ಮುಖ.
ಕತ್ತಲ ಮುಖವಾದರೆ ಒಳ್ಳೆಯದು,
ಅದು ರಸ್ತೆಯನ್ನು ನೋಡುತ್ತಿರುತ್ತದೆ.
ಗದ್ದದಿಂದ ಮೇಲಕ್ಕೆ ನೀಲಿಯಾಗಿ ಬೆಳಗಿದ ಮುಖಕ್ಕೆ
ತೊಡೆಯ ಮೇಲೆ ಇನ್ನೊಂದು ಊರಿದೆ.
ಆ ಊರಲ್ಲಿ ನಾನಿಲ್ಲ.

ಮೂರು ನಾಲ್ಕು ರಾಜ್ಯದ ನಂಬರು ಓಡುವ ದಾರಿ ಇದು.
ತಮಿಳಿನವನಿಗೆ ನಿಲ್ಲು ಎಂದರೆ ಸಾಕು, ನಮ್ಮದೇ ಮಾತು.
ಹಿಂದಿಯವನಿಗೆ ರುಕೋ.
ತೆಲುಗಿನವನಿಗೆ ಆಗು.
ಆರು ವರ್ಷ ಕೂಗಿದರೂ ಆ ಒಂದು ಮಾತಿಗೆ
ನಾಲಿಗೆ ಇವತ್ತಿಗೂ ತಡವರಿಸುತ್ತದೆ.
ನಿಲ್ಲು ಎಂದು ಕೈಯೆತ್ತುತ್ತೇನೆ,
ನನ್ನ ಕಿವಿಗೆ ಮಾತ್ರ
ಆಗಿಹೋಗಲಿ ಎಂದಂತೆ ಕೇಳುತ್ತದೆ.

ಅದನ್ನು ಹೇಳಿಕೊಟ್ಟವನು ಬೇರಿಕೆಯ ಅಬ್ಬಯ್ಯ.
ಈ ಟಾರ್ಚು ಅವನದು. ಒಡೆದ ತಲೆಗೆ
ಸೈಕಲ್ ಟ್ಯೂಬು ಸುತ್ತಿದವನೂ ಅವನೇ.
'ದೀಪ ನೋಡ್ಬೇಡ, ಚಕ್ರ ನೋಡು. ದೀಪ ಸುಳ್ಳು ಹೇಳ್ತದೆ.
ಓಡಕ್ಕೆ ಎಡಗಡೆ ಜಾಗ ಇಟ್ಕೊ.'
ಎಡಕ್ಕೇ ಓಡಿದ.
ಲಾರಿಯೂ ಎಡಕ್ಕೇ ಬಂತು.

ಡ್ರೈವರು ಹುಡುಗ, ಇಪ್ಪತ್ತಮೂರೋ ನಾಲ್ಕೋ.
ಕೋರ್ಟಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು
'ಒಂದೇ ಒಂದ್ ಸಲ ಕೆಳಗೆ ನೋಡ್ದೆ ಅಣ್ಣಾ,
ಅಕ್ಕನ ಮಗು ಕುಣೀತಿತ್ತು' ಅಂದ.
ಬೈಯಬೇಕೆಂದು ಹೋದವನು
ಮಗುವಿನ ಹೆಸರು ಕೇಳಿಕೊಂಡು ಬಂದೆ.
ಎಂಬತ್ತರ ವೇಗದಲ್ಲಿ ಎರಡು ಸೆಕೆಂಡು ಅಂದರೆ
ನಲವತ್ತನಾಲ್ಕು ಮೀಟರು. ಆಮೇಲೊಂದು ದಿನ
ಟೇಪು ಹಿಡಿದು ಅಳೆದಿದ್ದೇನೆ.
ಏಳು ಕೋನಿನಷ್ಟು ದೂರ
ಆ ಮಗು ಕುಣಿದಿದೆ.

ಇವತ್ತೂ ಬಂತು ಒಂದು ನೀಲಿ ಮುಖ.
ಆಂಧ್ರದ ನಂಬರು. ಕೂಗಿದೆ. ಟಾರ್ಚು ಬೀಸಿದೆ. ಮತ್ತೆ ಕೂಗಿದೆ.
ಚಕ್ರ ಚೀರಿತು, ಹಿಂಭಾಗ ಹಾವಿನಂತೆ ಆಡಿತು,
ನನ್ನಿಂದ ಒಂದು ಮಾರು ಆಚೆ, ಕೋನೊಂದನ್ನು
ಬಂಪರಿನಡಿಗೆ ಎಳೆದುಕೊಂಡು, ನಿಂತಿತು.
ಸುಟ್ಟ ರಬ್ಬರಿನ ವಾಸನೆ.
ಅವನು ಗಾಜು ಇಳಿಸಿದ. ಬೈಗುಳ ನನ್ನ ಬಾಯಿಗೆ ಬಂದಿತ್ತು,
ಅಷ್ಟರಲ್ಲಿ ನನ್ನ ಜೇಬು ನಡುಗಿತು.

ಕೈ ಹೋಯಿತು. ನಾನು ಕಳಿಸಲಿಲ್ಲ, ಅದೇ ಹೋಯಿತು.
'ಎಲ್ಲಿದ್ಯಾ, ಎಚ್ಚರ ಆಯ್ತು.'
ಮೂರು ಪದ ಓದುವಷ್ಟು ಹೊತ್ತು
ಹೆದ್ದಾರಿಯ ನಡುವೆ ತಲೆ ತಗ್ಗಿಸಿ ನಿಂತಿದ್ದೆ.
ಮೇಲೆ ನೋಡಿದರೆ, ಸೀಟಿನಲ್ಲಿ ಅವನು
ನನ್ನ ಗದ್ದವನ್ನೇ ನೋಡುತ್ತಿದ್ದ.
ಇಬ್ಬರೂ ಏನೂ ಮಾತಾಡಲಿಲ್ಲ.
ಅವನ ಹಿಂದೆ, ತಿರುವಿನಲ್ಲಿ, ಇನ್ನೆರಡು ದೀಪ.

ವ್ಯಾನಿನವನಿಗೆ ಜೀವ ಇದೆಯಂತೆ, ಕಾಲು ಕಷ್ಟವಂತೆ.
ಬೆಳಕು ಹರಿಯುವಾಗ ಡಾಬಾದವನು
ಒಡೆಯದ ಟೊಮೇಟೊಗಳನ್ನು ಲುಂಗಿಗೆ ಆರಿಸಿಕೊಳ್ಳುತ್ತಿದ್ದ.
ನಾನು ಹಿಂದಕ್ಕೆ ನಡೆದು
ಕೋನುಗಳನ್ನು ಒಂದರೊಳಗೊಂದು ಇಟ್ಟೆ.
ಹತ್ತು.